ಹತ್ತು ಸಾವಿರ ಲೀಟರಿನ ಮಳೆನೀರು ತೊಟ್ಟಿ: ಊರಿನವರಿಗೇ ಕಟ್ಟಲು ಕಲಿಸುವ ಕ್ರಮ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ ತನಕ ಒಪ್ಪಬಹುದು. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಹಿಡಿಯುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆದರೆ ಮನೆಯ ಮಾಡಿನ ಮೇಲೆ ಬೀಳುವ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕುಡಿಯಲು ಮತ್ತು ಅಡುಗೆಗೆ ಬೇಕಾದಷ್ಟನ್ನು ಮುಂದಿನ ಮಳೆಗಾಲದ ತನಕ ಕೆಡದಂತೆ ಹಿಡಿದಿಡಬೇಕು, ಅಷ್ಟೇ.

ಇದಕ್ಕೆ ಫೆರೋಸಿಮೆಂಟ್ ತೊಟ್ಟಿ ತಕ್ಕ ಉಪಾಯ. ತೆಳು ಕಂಬಿಯ ಪಂಜರಕ್ಕೆ ಕೋಳಿ ಜಾಲರಿ ಸುತ್ತಿ, ಎರಡೂ ಕಡೆಯಿಂದ ಸಿಮೆಂಟ್ ಗಾರೆ ಒತ್ತಿದರೆ 4 ಸೆಂ.ಮೀ. ದಪ್ಪದ ಗೋಡೆ ಸಿದ್ಧ. ಸಾಮಾನು ಕಡಿಮೆ, ಅಚ್ಚು ಬೇಡ, ನೆಲದ ಮೇಲೇ ಇರುವುದರಿಂದ ಸೋರಿದರೆ ಕಣ್ಣಿಗೆ ಕಾಣುತ್ತದೆ. ಗಾರೆ ಕೆಲಸ ಬಲ್ಲವರು ಎರಡು ತೊಟ್ಟಿ ಕಟ್ಟುವಷ್ಟರಲ್ಲಿ ಕಲಿತುಬಿಡುತ್ತಾರೆ. ಆದರೆ ಇದು ದಪ್ಪ ಗೋಡೆಯ ಹಾಗೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ. ಕೊಳಕು ಮರಳು, ಹೆಚ್ಚಾದ ನೀರು, ಅರ್ಧಕ್ಕೆ ಬಿಟ್ಟ ಕ್ಯೂರಿಂಗ್ (ಗಾರೆ ಒಣಗದಂತೆ ನೀರುಣಿಸುವುದು), ಇವುಗಳಲ್ಲಿ ಯಾವುದೊಂದಾದರೂ ಮೊದಲ ಮಳೆಗಾಲದಲ್ಲೇ ಬಯಲಾಗುತ್ತದೆ. ಆದ್ದರಿಂದ ತರಬೇತಿಯಲ್ಲಿ ಕರಣೆ ಹಿಡಿಯುವುದನ್ನು ಕಲಿಸುವುದಕ್ಕಿಂತ ಈ ಮೂರರ ಮೇಲೆ ಹೆಚ್ಚು ಹೊತ್ತು ಕಳೆಯಬೇಕು.

ಯಾರಿಗೆ, ಎಷ್ಟು ಜನರಿಗೆ, ಯಾವಾಗ

2.6 ಮೀಟರ್ ಅಗಲದ ದುಂಡು ತೊಟ್ಟಿಯೊಳಗೆ ಒಮ್ಮೆಗೆ ಮೂರು–ನಾಲ್ಕು ಜನ ಮಾತ್ರ ಕೆಲಸ ಮಾಡಬಹುದು. ಹಾಗಾಗಿ ಒಂದು ತೊಟ್ಟಿಗೆ 12 ಜನಕ್ಕಿಂತ ಹೆಚ್ಚು ಬೇಡ. ಮೂವತ್ತು ಜನರನ್ನು ಸೇರಿಸಿದರೆ ಹದಿನೆಂಟು ಜನ ನಿಂತು ನೋಡುತ್ತಾರೆ, ನೋಡಿದವರು ಮನೆಗೆ ಹೋಗಿ ಕಟ್ಟಲಾರರು. ನಾಲ್ವರು ಗಾರೆ ಕೆಲಸ ಬಲ್ಲವರು, ನಾಲ್ವರು ಕಂಬಿ ಕೆಲಸ ಅಥವಾ ಸಹಾಯಕರ ಕೆಲಸ ಮಾಡುವವರು, ನಾಲ್ವರು ತೊಟ್ಟಿ ಪಡೆಯುವ ಮನೆಗಳವರು ಎಂಬ ಹಂಚಿಕೆ ಚೆನ್ನಾಗಿ ನಡೆಯುತ್ತದೆ. ಕೊನೆಯ ನಾಲ್ವರಲ್ಲಿ ಹೆಂಗಸರು ಇರಲೇಬೇಕು. ನೀರು ತುಂಬುವವರು, ಜಾಲರಿ ತೊಳೆಯುವವರು, ಮುಂದೆ ಹತ್ತು ವರ್ಷ ತೊಟ್ಟಿ ನೋಡಿಕೊಳ್ಳುವವರು ಅವರೇ. ಜಾಲರಿ ಬಿಗಿಯುವ ಕೆಲಸಕ್ಕೆ ಬೇಕಾದ ತಾಳ್ಮೆಯೂ ಹಲವು ಮೇಸ್ತ್ರಿಗಳಿಗಿಂತ ಅವರಲ್ಲೇ ಹೆಚ್ಚು. ಸ್ವಸಹಾಯ ಸಂಘದ ಮೂಲಕ ಹೆಸರು ಕೇಳಿದರೆ ಆಯ್ಕೆ ಸುಲಭ.

ತರಬೇತಿಯ ದಿನಗಳಿಗೆ ಎಲ್ಲರಿಗೂ ಊರಿನ ದರದಲ್ಲಿ ಕೂಲಿ ಕೊಡಿ. ಕೂಲಿ ಬಿಟ್ಟು ಹನ್ನೊಂದು ದಿನ ಕಲಿಯಲು ಬರುವ ಶಕ್ತಿ ಗಾರೆ ಕೆಲಸದವರಿಗಿಲ್ಲ. ಮೂರನೆಯ ದಿನ ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೋದರೆ ಅದು ಅವರ ತಪ್ಪಲ್ಲ.

ಕಾಲ ಮುಖ್ಯ. ನವೆಂಬರ್ ಕೊನೆಯಿಂದ ಜನವರಿವರೆಗೆ ಮಾಡಿ. ಬಿಸಿಲು ಹದವಾಗಿರುತ್ತದೆ, ಕ್ಯೂರಿಂಗಿಗೆ ಕೆರೆ–ಬಾವಿಯಲ್ಲಿ ನೀರಿರುತ್ತದೆ. ಅನುದಾನ ಮುಗಿಸುವ ಅವಸರದಲ್ಲಿ ಮಾರ್ಚಿನಲ್ಲಿ ಇಟ್ಟುಕೊಂಡ ತರಬೇತಿಗಳಲ್ಲಿ ಕುಡಿಯುವ ನೀರಿಗೇ ಪರದಾಟವಿರುವಾಗ ಗೋಡೆಗೆ ನೀರು ಹಾಕುವವರು ಯಾರು?

ಒಂದು ತರಬೇತಿಗೆ ಎರಡು ತೊಟ್ಟಿ ಎಂದು ಮೊದಲೇ ನಿಶ್ಚಯಿಸಿ. ಮೊದಲನೆಯದನ್ನು ತರಬೇತುದಾರ ಕಲಿಯುವವರ ಜೊತೆ ಕಟ್ಟಬೇಕು. ಎರಡನೆಯದನ್ನು ಕಲಿತವರೇ ಕಟ್ಟಬೇಕು. ಆಗ ತರಬೇತುದಾರ ನೋಡಬೇಕು, ಕೇಳಿದರೆ ಹೇಳಬೇಕು, ಕರಣೆ ಮುಟ್ಟಬಾರದು.

ಮೊದಲು ಲೆಕ್ಕ

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು, ಕಲಿಯುವವರಿಂದ ತಮ್ಮ ತಮ್ಮ ಮನೆಯ ಲೆಕ್ಕ ಮಾಡಿಸಿ. 40 ಚದರ ಮೀಟರ್ ಮಾಡು, ವರ್ಷಕ್ಕೆ 550 ಮಿ.ಮೀ. ಮಳೆ, ಅದರಲ್ಲಿ ನೂರಕ್ಕೆ 80 ಪಾಲು ಕೈಗೆ ಸಿಗುತ್ತದೆ ಎಂದು ಹಿಡಿದರೆ 17,600 ಲೀಟರ್. ಮಾಡಿನ ಅಳತೆ ತೆಗೆಯುವಾಗ ಇಳಿಜಾರಿನ ಉದ್ದ ಹಿಡಿಯಬೇಡಿ. ಮಾಡು ನೆಲದ ಮೇಲೆ ಮುಚ್ಚುವ ಜಾಗ ಎಷ್ಟೋ ಅಷ್ಟೇ ಲೆಕ್ಕ.

ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲಾ 6 ಲೀಟರಿನಂತೆ ದಿನಕ್ಕೆ 30 ಲೀಟರ್ ಬೇಕು. ಮಳೆಯಿಲ್ಲದ 240 ದಿನಕ್ಕೆ 7,200 ಲೀಟರ್. ಮಳೆ ತಡವಾದರೆ ಇರಲೆಂದು ಸ್ವಲ್ಪ ಸೇರಿಸಿದರೆ 10,000 ಲೀಟರಿನ ತೊಟ್ಟಿ ಸಾಕು. ಸ್ನಾನ, ಬಟ್ಟೆ, ದನಕರು ಎಲ್ಲಕ್ಕೂ ಇದೇ ನೀರು ಎಂದುಕೊಂಡರೆ ಎರಡು ತಿಂಗಳಿಗೇ ತಳ ಕಾಣುತ್ತದೆ. ಈ ಮಾತನ್ನು ಕಟ್ಟುವ ಮೊದಲೇ ಮನೆಯವರೊಡನೆ ಆಡಿ ಮುಗಿಸಬೇಕು.

ಒಳ ಅಗಲ 2.6 ಮೀಟರ್, ಗೋಡೆ ಎತ್ತರ 2 ಮೀಟರ್, ನೀರು ನಿಲ್ಲುವ ಎತ್ತರ 1.9 ಮೀಟರ್ ಇಟ್ಟರೆ ಹತ್ತು ಸಾವಿರ ಲೀಟರ್ ಹಿಡಿಯುತ್ತದೆ. ಆದರೆ ಸೂರಿನ ಎತ್ತರ ಅಳೆಯದೆ ಈ ಅಳತೆಗೆ ಕೈ ಹಾಕಬೇಡಿ. ಮಾಡಿನ ನೀರು ಹಿಡಿದು ತರುವ ದೋಣಿಯ ಇಳಿಜಾರು, ಸೋಸುವ ಪೆಟ್ಟಿಗೆ ಎರಡಕ್ಕೂ ಜಾಗ ಬೇಕಾದ್ದರಿಂದ ಸೂರಿನ ಅಂಚು ತೊಟ್ಟಿಯ ಗೋಡೆಯ ತುದಿಗಿಂತ 80 ಸೆಂ.ಮೀ. ಮೇಲಿರಬೇಕು. ತಾರಸಿ ಮನೆಗೆ ತೊಂದರೆಯಿಲ್ಲ. ಹಳೆಯ ಹೆಂಚಿನ ಮನೆಗಳ ಸೂರು ತಲೆಗೆ ತಾಗುವಷ್ಟು ಕೆಳಗಿರುತ್ತದೆ. ಅಂಥಲ್ಲಿ ಗೋಡೆ 1.5 ಮೀಟರ್, ಒಳ ಅಗಲ 3 ಮೀಟರ್ ಮಾಡಿ. ಹಿಡಿಯುವ ನೀರು ಅಷ್ಟೇ, ಗೋಡೆಯ ಮೇಲಿನ ಒತ್ತಡವೂ ಕಡಿಮೆ.

ಸಾಮಾನು

2.6 ಮೀಟರ್ ಅಗಲದ ಒಂದು ತೊಟ್ಟಿಗೆ ಬೇಕಾದದ್ದು: ಸಿಮೆಂಟ್ 20 ಚೀಲ, ಮರಳು 70 ಘನ ಅಡಿ, 20 ಮತ್ತು 40 ಮಿ.ಮೀ. ಜಲ್ಲಿ ತಲಾ 20 ಘನ ಅಡಿ, ತಳಕ್ಕೆ ಹಾಸಲು ದಪ್ಪ ಕಲ್ಲು 45 ಘನ ಅಡಿ, 6 ಮಿ.ಮೀ. ಕಂಬಿ 95 ಕೆ.ಜಿ., 22 ಗೇಜಿನ ಅರ್ಧ ಇಂಚು ಕಣ್ಣಿನ ಕೋಳಿ ಜಾಲರಿ 60 ಚದರ ಮೀಟರ್, ಬೈಂಡಿಂಗ್ ವೈರ್ 4 ಕೆ.ಜಿ. ಇವಲ್ಲದೆ ನಲ್ಲಿಗೆ ಮುಕ್ಕಾಲು ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಂಡು, ತೊಳೆದ ನೀರು ಬಿಡಲು ಎರಡು ಇಂಚಿನ ಜಿ.ಐ. ಪೈಪು, ಹೆಚ್ಚಾದ ನೀರು ಹೋಗಲು ಮತ್ತು ಒಳಬರಲು ಮೂರು ಇಂಚಿನ ಪಿ.ವಿ.ಸಿ. ಹಳೆಯ ಗೋಣಿತಾಟು, ಖಾಲಿ ಸಿಮೆಂಟ್ ಚೀಲಗಳನ್ನು ಈಗಿನಿಂದಲೇ ಕೂಡಿಡಿ. ಎರಡೂ ಹೇರಳವಾಗಿ ಬೇಕಾಗುತ್ತವೆ.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ತೆಗೆದುಕೊಳ್ಳಬೇಡಿ. ಕೈ ಹಾಕಿದರೆ ತಣ್ಣಗಿರಬೇಕು, ಬೆರಳಿನಲ್ಲಿ ಪುಡಿಯಾಗದ ಗಂಟು ಇರಬಾರದು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ.

ಈಗ ಎಲ್ಲೆಡೆ ಸಿಗುವುದು ಎಂ–ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಕೆಲಸಕ್ಕೆ ಆಗುತ್ತದೆ, ಆದರೆ ಅದರಲ್ಲಿ ಕಲ್ಲಿನ ಹಿಟ್ಟು ಹೆಚ್ಚಿದ್ದರೆ ಗಾರೆ ಹೆಚ್ಚು ನೀರು ಕುಡಿಯುತ್ತದೆ, ಒಣಗುವಾಗ ಕೂದಲೆಳೆಯಂಥ ಬಿರುಕು ಬಿಡುತ್ತದೆ. ನುಣುಪು ಗಾರೆಗೆಂದು ಮಾರುವ ಸಣ್ಣ ಮರಳು ಇಲ್ಲಿ ಬೇಡವೇ ಬೇಡ. ಪರೀಕ್ಷೆ ಸರಳ. ಗಾಜಿನ ಬಾಟಲಿಗೆ 10 ಸೆಂ.ಮೀ. ಎತ್ತರ ಮರಳು ಹಾಕಿ, ಒಂದು ಚಮಚ ಉಪ್ಪು ಬೆರೆಸಿದ ನೀರು ತುಂಬಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಇಡಿ. ಮೇಲೆ ಕೂತ ಮಣ್ಣಿನ ಪದರ 6 ಮಿ.ಮೀ. ದಾಟಿದ್ದರೆ ಮರಳು ತೊಳೆಯಬೇಕು. ಹನ್ನೆರಡು ಜನರಿಂದ ಹನ್ನೆರಡು ಬಾಟಲಿ ಮಾಡಿಸಿ, ಹಳ್ಳದ ಮರಳು, ಎಂ–ಸ್ಯಾಂಡ್, ತೊಳೆದದ್ದು, ತೊಳೆಯದ್ದು ಪಕ್ಕಪಕ್ಕ ಇಡಿಸಿ. ಇದರ ಬಗ್ಗೆ ಮತ್ತೆ ಭಾಷಣ ಬೇಕಾಗುವುದಿಲ್ಲ. ಗಾರೆಗೆ ಬಳಸುವ ಮರಳನ್ನು ಕಲ್ಲಿಲ್ಲದಂತೆ ಜರಡಿ ಹಿಡಿಯಿರಿ. ಎರಡೂವರೆ ಮಿ.ಮೀ. ಹತ್ತಿರದ ಕಣ್ಣು ಸಾಕು. ಅದಕ್ಕಿಂತ ದಪ್ಪ ಕಲ್ಲು ಜಾಲರಿಯ ಕಣ್ಣಿಗೆ ಸಿಕ್ಕಿಕೊಂಡು ಹಿಂದೆ ಟೊಳ್ಳು ಉಳಿಯುತ್ತದೆ.

ತಳ (1ನೇ ದಿನ)

ಜಾಗ ಗಟ್ಟಿ ನೆಲದ್ದಾಗಿರಲಿ, ಶೌಚದ ಗುಂಡಿ ಮತ್ತು ಕೊಟ್ಟಿಗೆಯಿಂದ ದೂರವಿರಲಿ, ದೊಡ್ಡ ಮರದ ಬುಡದಲ್ಲಿ ಬೇಡ. ಬೇರು ತಳ ಎತ್ತುತ್ತದೆ, ಎಲೆ ದೋಣಿ ತುಂಬುತ್ತದೆ. ಮಣ್ಣು ತುಂಬಿ ಎತ್ತರಿಸಿದ ಜಾಗದಲ್ಲಿ ಮೊದಲ ತೊಟ್ಟಿ ಕಟ್ಟಲೇಬೇಡಿ. ನೀರು ತುಂಬಿದಾಗ ಒಟ್ಟು ತೂಕ ಹನ್ನೆರಡು ಟನ್ ಮೀರುತ್ತದೆ. ಮಣ್ಣು ಒಂದು ಬದಿ ಕುಸಿದರೆ ತಳ ಸೀಳುತ್ತದೆ, ಆ ಸೀಳನ್ನು ಮುಚ್ಚುವುದು ಕಷ್ಟ.

ನಡುವೆ ಗೂಟ ಹೊಡೆದು 1.6 ಮೀಟರ್ ದಾರದಿಂದ ವೃತ್ತ ಎಳೆಯಿರಿ. 30 ಸೆಂ.ಮೀ. ಅಗೆದು, ನೀರು ಹಾಕಿ ದಿಮ್ಮಸು ಹೊಡೆಯಿರಿ. 15 ಸೆಂ.ಮೀ. ಕಲ್ಲು ಹಾಸಿ ಸಂದಿಗೆ ಜಲ್ಲಿ, ಮರಳು ತುಂಬಿಸಿ. ಮೇಲೆ 7.5 ಸೆಂ.ಮೀ. ಕಾಂಕ್ರೀಟ್: 1 ಸಿಮೆಂಟ್, 4 ಮರಳು, 8 ಪಾಲು 40 ಮಿ.ಮೀ. ಜಲ್ಲಿ. ರಸಮಟ್ಟ ಹಿಡಿದು ಸಮ ಮಾಡಿ, ಮೇಲ್ಮೈ ಒರಟಾಗಿಯೇ ಇರಲಿ.

ಪಂಜರ (2 ಮತ್ತು 3ನೇ ದಿನ)

ಪಂಜರವನ್ನು ಪಕ್ಕದ ಬಯಲಿನಲ್ಲೇ ಕಟ್ಟಿ, ಆಮೇಲೆ ಎತ್ತಿ ತಂದಿಡಬಹುದು. ತೂಕ 60 ಕೆ.ಜಿ. ಆಸುಪಾಸು, ಆರು ಜನ ಹಿಡಿದರೆ ಸಲೀಸು. ನಿಲುವು ಕಂಬಿಗಳು 42, ಒಂದೊಂದೂ 2.75 ಮೀಟರ್ ಉದ್ದ. ಕೆಳಗೆ 40 ಸೆಂ.ಮೀ. ತಳದೊಳಕ್ಕೆ ಬಾಗಬೇಕು, ಮೇಲೆ 30 ಸೆಂ.ಮೀ. ಚಾವಣಿಗೆ ಹೋಗಬೇಕು. ಇವುಗಳ ನಡುವೆ 20 ಸೆಂ.ಮೀ. ಅಂತರ.

ಸುತ್ತು ಕಂಬಿಗಳೇ ನೀರಿನ ಒತ್ತಡ ತಡೆಯುವುದು. ಒತ್ತಡ ತಳದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಆದ್ದರಿಂದ ಕೆಳಗಿನ 70 ಸೆಂ.ಮೀ. ತನಕ 10 ಸೆಂ.ಮೀ.ಗೆ ಒಂದು, ಅಲ್ಲಿಂದ ಮೇಲೆ 15 ಸೆಂ.ಮೀ.ಗೆ ಒಂದು, ಒಟ್ಟು 17 ಸುತ್ತು. ನೆಲದ ಮೇಲೆ 1.32 ಮೀಟರ್ ದಾರದಿಂದ ಎಳೆದ ವೃತ್ತಕ್ಕೆ ಗೂಟ ಹೊಡೆದು ಅದರ ಸುತ್ತ ಬಗ್ಗಿಸಿದರೆ ಎಲ್ಲ ಸುತ್ತೂ ಒಂದೇ ಅಳತೆಗೆ ಬರುತ್ತವೆ. ಒಂದಕ್ಕೆ 8.7 ಮೀಟರ್ ಕಂಬಿ, ಅದರಲ್ಲಿ 40 ಸೆಂ.ಮೀ. ಒಂದರ ಮೇಲೊಂದು ಕೂರುವ ಜೋಡಿಗೆ. ಈ ಜೋಡಿಗಳು ಒಂದರ ಮೇಲೊಂದು ಸಾಲಾಗಿ ಬಂದರೆ ಗೋಡೆಯುದ್ದಕ್ಕೂ ದುರ್ಬಲ ಗೆರೆ ಬಿದ್ದಂತೆ. ಪ್ರತಿ ಸುತ್ತಿಗೂ ಜೋಡಿಯನ್ನು ಒಂದು ಮಾರು ಸರಿಸಿ. ಜೋಡಿಯನ್ನು ಮೂರು ಕಡೆ ಬಿಗಿಯಿರಿ. ಕಂಬಿ ಉಳಿಸಲು ಜೋಡಿಯನ್ನು ಒಂದು ಗೇಣಿಗೆ ಇಳಿಸುವ ಅಭ್ಯಾಸ ಕೆಲವರಲ್ಲಿದೆ. ತೊಟ್ಟಿ ತುಂಬಿದ ದಿನ ಬಿಚ್ಚಿಕೊಳ್ಳುವುದು ಅಲ್ಲೇ.

ಪಂಜರವನ್ನು ತಳದ ಮೇಲಿಟ್ಟು, ನಾಲ್ಕು ದಿಕ್ಕಿಗೂ ತೂಕದ ಗುಂಡು ಬಿಟ್ಟು ನೇರ ಮಾಡಿ, ತಳಕ್ಕೆ 20 ಸೆಂ.ಮೀ. ಚೌಕದ ಕಂಬಿ ಜಾಲ ಕಟ್ಟಿ, ಮೇಲೊಂದು ಪದರ ಕೋಳಿ ಜಾಲರಿ ಹಾಸಿ. ಕಂಬಿಯಡಿ ಎರಡೂವರೆ ಸೆಂ.ಮೀ. ದಪ್ಪದ ಗಾರೆ ಬಿಲ್ಲೆ ಇಡದಿದ್ದರೆ ಕಂಬಿ ನೆಲಕ್ಕೇ ಅಂಟಿರುತ್ತದೆ. 1:2:4ರ ಕಾಂಕ್ರೀಟ್ 20 ಮಿ.ಮೀ. ಜಲ್ಲಿಯಲ್ಲಿ 7.5 ಸೆಂ.ಮೀ. ದಪ್ಪ ಹಾಕಿ, ತೊಳೆ ನೀರಿನ ಪೈಪಿನ ಕಡೆಗೆ ತುಸು ಇಳಿಜಾರು ಕೊಡಿ. ಇದನ್ನು ಒಂದೇ ಉಸಿರಿಗೆ ಮುಗಿಸಬೇಕು.

ಪೈಪುಗಳನ್ನು ಈಗಲೇ ಪಂಜರಕ್ಕೆ ಬಿಗಿಯಿರಿ. ತೊಳೆ ನೀರಿನದು ತಳಕ್ಕೆ ಸಮ, ನಲ್ಲಿಯದು ತಳದಿಂದ 15 ಸೆಂ.ಮೀ. ಮೇಲೆ, ಹೆಚ್ಚಾದ ನೀರಿನದು 1.9 ಮೀಟರಿಗೆ. ಗಾರೆ ಗಟ್ಟಿಯಾದ ಮೇಲೆ ಉಳಿ ಹಿಡಿದು ತೂತು ಮಾಡಿ ಪೈಪು ಸೇರಿಸಿದ ತೊಟ್ಟಿಗಳು ಅಲ್ಲಿಂದಲೇ ಸೋರುತ್ತವೆ. ನಲ್ಲಿಗೆ ಜಿ.ಐ. ಪೈಪೇ ಇರಲಿ. ನುಣುಪಾದ ಪಿ.ವಿ.ಸಿ.ಯನ್ನು ಗಾರೆ ಹಿಡಿಯುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಅದನ್ನು ಮರಳುಕಾಗದದಲ್ಲಿ ಉಜ್ಜಿ, ಪೈಪಿನ ಅಂಟು ಸವರಿ, ಹಸಿಯಿರುವಾಗಲೇ ಮರಳು ಉದುರಿಸಿ ಒರಟು ಮಾಡಿ. ನಲ್ಲಿಯ ಕೆಳಗೆ ಕೊಡ ಇಡಲು 45 ಸೆಂ.ಮೀ. ಆಳದ ಗುಂಡಿ ಬೇಕು. ಅದರ ನೀರು ಹೊರಹೋಗುವಂತೆ ತಗ್ಗಿನ ಕಡೆಗೇ ನಲ್ಲಿ ಇಡಿ.

ಜಾಲರಿ (4 ಮತ್ತು 5ನೇ ದಿನ)

ಪಂಜರದ ಹೊರಗೊಂದು, ಒಳಗೊಂದು ಪದರ. ಅಂಚುಗಳು 10 ಸೆಂ.ಮೀ. ಒಂದರ ಮೇಲೊಂದು ಬರಲಿ. ಗೇಣಿಗೊಂದರಂತೆ ಬೈಂಡಿಂಗ್ ವೈರಿನ ಗಂಟು. ಜಾಲರಿ ಕಂಬಿಗೆ ಅಂಟಿದಂತಿರಬೇಕು. ಅಂಗೈಯಲ್ಲಿ ಒತ್ತಿದಾಗ ಒಳಗೆ ಹೋಗಿ ಪುಟಿದು ಬಂದರೆ ಅದು ಸಡಿಲ. ಸಡಿಲ ಜಾಲರಿ ಗಾರೆ ಒತ್ತಿದಾಗ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ, ಹಸಿ ಗಾರೆ ಅಲುಗಿ ಒಳಗೇ ಬಿರುಕು ಬಿಡುತ್ತದೆ. ಇದು ಬೇಸರದ ಕೆಲಸ, ಎರಡು ದಿನ ಹಿಡಿಯುತ್ತದೆ, ಅವಸರ ಮಾಡಬೇಡಿ. ಗಂಟಿನ ತುದಿಗಳನ್ನು ಒಳಕ್ಕೆ ಬಗ್ಗಿಸಿ. ಚಾಚಿಕೊಂಡ ತಂತಿ ಗಾರೆಯಿಂದ ಹೊರಗಿಣುಕಿದರೆ ತುಕ್ಕು ಅಲ್ಲಿಂದ ಒಳಗಿಳಿಯುತ್ತದೆ, ಕೆಲಸ ಮಾಡುವಾಗ ಕಣ್ಣಿಗೂ ಅಪಾಯ. ಒಳಗೆ ಇಳಿಯುವವರು ಕನ್ನಡಕ ಹಾಕಿಕೊಳ್ಳಲಿ.

ಕೊನೆಗೆ ಪಂಜರದ ಹೊರಮೈಗೆ ಬಿಚ್ಚಿದ ಸಿಮೆಂಟ್ ಚೀಲಗಳನ್ನು ಹೊಂದಿಸಿ, ಹಗ್ಗದಿಂದ ಬಿಗಿಯಾಗಿ ಸುತ್ತಿ. ಒಳಗಿನಿಂದ ಒತ್ತುವ ಗಾರೆಗೆ ಇದು ತಡೆ.

ಗಾರೆ (6ರಿಂದ 8ನೇ ದಿನ)

ಅಳತೆ ಒಂದು ಸಿಮೆಂಟಿಗೆ ಮೂರು ಮರಳು, ಎರಡನ್ನೂ ಒಂದೇ ಡಬ್ಬದಲ್ಲಿ ಅಂಚು ಸವರಿ ಅಳೆಯಬೇಕು. ಬಾಂಡ್ಲಿಯ ಅಂದಾಜು ಬೇಡ, ಗುಡ್ಡೆಯಾಗಿ ತುಂಬಿದ ಬಾಂಡ್ಲಿಯಲ್ಲಿ ಮೂರು ನಾಲ್ಕಾಗಿರುತ್ತದೆ. ಒಣಗಿರುವಾಗಲೇ ಬಣ್ಣ ಒಂದಾಗುವ ತನಕ ಕಲಸಿ. ಒಣ ಮರಳಾದರೆ ಚೀಲ ಸಿಮೆಂಟಿಗೆ 20ರಿಂದ 22 ಲೀಟರ್ ನೀರು, ಮರಳು ತೇವವಿದ್ದರೆ ಇನ್ನೂ ಕಡಿಮೆ. ಹಿಡಿ ಗಾರೆ ತೆಗೆದು ಅಮುಕಿದರೆ ಮುದ್ದೆಯ ಹಾಗೆ ನಿಲ್ಲಬೇಕು, ಬೆರಳಸಂದಿಯಲ್ಲಿ ನೀರು ಬರಬಾರದು. ಮೇಸ್ತ್ರಿಗಳ ಕೈ ಇಲ್ಲೇ ತಪ್ಪುವುದು. ನೀರು ಹೆಚ್ಚಾದರೆ ಗಾರೆ ಸಲೀಸಾಗಿ ಹರಡುತ್ತದೆ, ಕೈಗೆ ಸುಖ. ಆದರೆ ಆ ಹೆಚ್ಚಿನ ನೀರು ಆರಿಹೋದ ಜಾಗವೆಲ್ಲ ಸಣ್ಣ ರಂಧ್ರವಾಗಿ ಉಳಿದು ಗೋಡೆ ಜಿನುಗುತ್ತದೆ. ಒಮ್ಮೆಗೆ ಅರ್ಧ ಚೀಲದಷ್ಟೇ ಕಲಸಿ, ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಬಿಗಿದ ಗಾರೆಗೆ ನೀರು ಚಿಮುಕಿಸಿ ಮತ್ತೆ ಕಲಸಿ ಬಳಸಬಾರದು, ಬಿಸಾಡಿ. ಬರಿಗೈಯಲ್ಲಿ ಗಾರೆ ಮುಟ್ಟಿದರೆ ಸಂಜೆಗೆ ಚರ್ಮ ಸುಡುತ್ತದೆ, ರಬ್ಬರ್ ಕೈಗವಸು ಎಲ್ಲರಿಗೂ ಕೊಡಿ.

ಆರನೆಯ ದಿನ ಒಳಗಿನಿಂದ ಮೊದಲ ಪದರ, 2 ಸೆಂ.ಮೀ. ತಳದಿಂದ ಆರಂಭಿಸಿ, ಕರಣೆಯಿಂದ ಎಸೆಯದೆ ಒತ್ತಿ. ಗಾರೆ ಎರಡೂ ಜಾಲರಿ ದಾಟಿ ಹಿಂದಿನ ಚೀಲಕ್ಕೆ ತಾಗಬೇಕು. ಹೊರಗೆ ಒಬ್ಬರು ನಿಂತು ಚೀಲದ ಮೇಲೆ ಅಂಗೈಯಿಂದ ತಟ್ಟುತ್ತ ಬಂದರೆ ಟೊಳ್ಳು ತಿಳಿಯುತ್ತದೆ. ಇಡೀ ಸುತ್ತು, ತಳದಿಂದ ತುದಿಯವರೆಗೆ, ಅದೇ ದಿನ ಮುಗಿಯಲೇಬೇಕು. ಅರ್ಧ ಗೋಡೆ ಇಂದು, ಅರ್ಧ ನಾಳೆ ಎಂದರೆ ನಡುವಿನ ಗೆರೆ ಎಂದಿಗೂ ಕೂಡುವುದಿಲ್ಲ. ಬೆಳಿಗ್ಗೆ ಏಳಕ್ಕೆ ಕೈ ಹಾಕಿದರೆ ಸಂಜೆಗೆ ಆಗುತ್ತದೆ. ಮೇಲ್ಮೈ ಬಿಗಿಯುವ ಮುಂಚೆ ಕಸಬರಿಕೆಯಿಂದ ಗೀರಿ ಒರಟು ಮಾಡಿ.

ಏಳನೆಯ ದಿನ ಚೀಲ ಬಿಚ್ಚಿ, ಸಡಿಲ ಗಾರೆ ಕೆರೆದು, ನೀರು ಚಿಮುಕಿಸಿ, ಸಿಮೆಂಟ್ ಹಾಲು (ನೀರಿನಲ್ಲಿ ಕದಡಿದ ಬರೀ ಸಿಮೆಂಟ್) ಬಳಿದು ಹೊರಪದರ 1 ಸೆಂ.ಮೀ. ಎಂಟನೆಯ ದಿನ ಒಳಗೆ ಎರಡನೆಯ ಪದರ 1 ಸೆಂ.ಮೀ., ಅದು ಹಸಿಯಿರುವಾಗಲೇ ಬರೀ ಸಿಮೆಂಟಿನ ನುಣುಪು. ಗೋಡೆ–ತಳ ಕೂಡುವ ಮೂಲೆಗೆ 8 ಸೆಂ.ಮೀ. ಎತ್ತರ, ಅಷ್ಟೇ ಅಗಲದ ಓರೆ ಗಾರೆ ಕಟ್ಟಿ. ಈ ಮೂಲೆಯನ್ನು ಚೂಪಾಗಿ ಬಿಟ್ಟರೆ ಬಿರುಕು ಮೊದಲು ಕಾಣುವುದು ಅಲ್ಲಿ, ಕೊಳೆ ಕೂರುವುದೂ ಅಲ್ಲಿ.

ಚಾವಣಿ (9ರಿಂದ 11ನೇ ದಿನ)

ನಡುವೆ 40 ಸೆಂ.ಮೀ. ಏರಿದ ಗುಮ್ಮಟ. ಒಳಗೆ ಸರ್ವೆ ಮರದ ಗಳಗಳನ್ನು ನಿಲ್ಲಿಸಿ, ಬಿದಿರಿನ ದಬ್ಬೆ ಹಾಸಿ, ಮೇಲೆ ಚೀಲ ಹೊದಿಸಿ. 15 ಸೆಂ.ಮೀ. ಚೌಕಕ್ಕೆ ಕಂಬಿ, ಮೇಲೆ ಕೆಳಗೆ ಜಾಲರಿ, 4 ಸೆಂ.ಮೀ. ಗಾರೆ. ಗೋಡೆಯಿಂದ ಬಂದ ನಿಲುವು ಕಂಬಿಗಳು ಚಾವಣಿಯ ಕಂಬಿಗೆ ಬಿಗಿದಿರಲಿ. ಇಳಿಯುವ ಬಾಯಿ 60 ಸೆಂ.ಮೀ. ಚೌಕ, ಸುತ್ತ 10 ಸೆಂ.ಮೀ. ಎತ್ತರದ ಅಂಚು, ಬೀಗ ಹಾಕುವ ಮುಚ್ಚಳ. ಏಳು ದಿನದ ಮೊದಲು ಆಧಾರ ತೆಗೆಯಬೇಡಿ. ಆಧಾರ ಬಿಚ್ಚಲು ಒಳಗಿಳಿಯುವವರ ಜೊತೆ ಬಾಯಿಯ ಬಳಿ ಒಬ್ಬರು ಇರಲೇಬೇಕು.

ಒಳಗೆ ಬೆಳಕು ಬಿದ್ದರೆ ಪಾಚಿ ಬೆಳೆಯುತ್ತದೆ, ಸೊಳ್ಳೆ ಹೊಕ್ಕರೆ ಡೆಂಗಿಗೆ ದಾರಿ. ಹೆಚ್ಚಾದ ನೀರಿನ ಪೈಪು, ಗಾಳಿಯ ಪೈಪು ಎರಡಕ್ಕೂ ಸೊಳ್ಳೆ ದಾಟದ ಜಾಲರಿಯನ್ನು ತಂತಿಯಿಂದ ಬಿಗಿದು ಕಟ್ಟಿ.

ನೀರುಣಿಸುವುದು

ತರಬೇತಿಯಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ ನಡೆಯಬೇಕಾದ ಕೆಲಸ ಇದು, ಆದ್ದರಿಂದಲೇ ಹಾಳಾಗುತ್ತದೆ. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುವುದು. 4 ಸೆಂ.ಮೀ. ಗೋಡೆಯ ನೀರನ್ನು ಬಯಲುಸೀಮೆಯ ಬಿಸಿಲು–ಗಾಳಿ ಒಂದು ಮಧ್ಯಾಹ್ನದಲ್ಲಿ ಎಳೆದುಬಿಡುತ್ತದೆ. ಪ್ರತಿ ಪದರ ಮುಗಿದ ಸಂಜೆಯಿಂದಲೇ ಒದ್ದೆ ಗೋಣಿತಾಟು ಹೊದಿಸಿ. ಕೊನೆಯ ಪದರದ ನಂತರ 14 ದಿನ ತಾಟು ಒಮ್ಮೆಯೂ ಒಣಗಬಾರದು. ದಿನಕ್ಕೆ ನಾಲ್ಕು ಹೊತ್ತು ನೀರು, ಒಟ್ಟು ಹತ್ತು ಹನ್ನೆರಡು ಕೊಡ. ಎರಡು ದಿನ ಕಳೆದ ಮೇಲೆ ಒಳಗೆ ಒಂದು ಅಡಿ ನೀರು ನಿಲ್ಲಿಸಿದರೆ ಒಳಗೋಡೆಯ ತೇವ ತಾನೇ ಉಳಿಯುತ್ತದೆ.

ಯಾರು, ಯಾವ ಹೊತ್ತು ಎಂದು ಹೆಸರು ಬರೆದ ಹಾಳೆಯನ್ನು ಆ ಮನೆಯ ಬಾಗಿಲಿಗೆ ಅಂಟಿಸಿ, ನೀರು ಹಾಕಿದವರು ಗುರುತು ಮಾಡಲಿ. ಸಂಭಾವನೆಯ ಒಂದು ಭಾಗವನ್ನು ಈ ಹಾಳೆ ತುಂಬಿದ ಮೇಲೆ ಕೊಡುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಈ ಹದಿನಾಲ್ಕು ದಿನಗಳಲ್ಲೇ ಎರಡನೆಯ ತೊಟ್ಟಿಯ ಕೆಲಸ ಸಾಗುವುದರಿಂದ ತರಬೇತುದಾರ ಊರಿನಲ್ಲೇ ಇರುತ್ತಾರೆ, ಒಣಗಿದ ತಾಟು ಕಣ್ಣಿಗೆ ಬೀಳುತ್ತದೆ.

ತುಂಬಿಸಿ ನೋಡುವುದು

ಹದಿನಾಲ್ಕು ದಿನದ ಮೇಲೆ ದಿನಕ್ಕೊಂದು ಅಡಿಯಂತೆ ತುಂಬಿಸಿ. ಒಮ್ಮೆಲೇ ಟ್ಯಾಂಕರ್ ಸುರಿಸಬೇಡಿ. ತುಂಬಿದ ಮೇಲೆ ಒಂದು ದಿನ ಬಿಡಿ, ಗೋಡೆ ತನ್ನ ಪಾಲು ಕುಡಿಯುತ್ತದೆ. ಮತ್ತೆ ಭರ್ತಿ ಮಾಡಿ ಗುರುತು ಹಾಕಿ, ಮುಚ್ಚಿ, 24 ಗಂಟೆ ಬಿಟ್ಟು ನೋಡಿ. ಈ ಅಗಲದ ತೊಟ್ಟಿಯಲ್ಲಿ ಒಂದು ಸೆಂ.ಮೀ. ಇಳಿದರೆ 53 ಲೀಟರ್ ಹೋದಂತೆ. ಅಷ್ಟು ಇಳಿದಿದ್ದರೆ ಸೋರಿಕೆಯಿದೆ.

ಹೊರಗೆ ತೇವದ ಮಚ್ಚೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ಸಣ್ಣ ಜಿನುಗು ಕೆಲವು ದಿನಗಳಲ್ಲಿ ಬಿಳಿ ಸುಣ್ಣ ಕಟ್ಟಿ ತಾನೇ ನಿಲ್ಲುವುದುಂಟು. ನೀರು ಗೆರೆಯಾಗಿ ಇಳಿಯುತ್ತಿದ್ದರೆ ಗುರುತು ಹಾಕಿ, ತೊಟ್ಟಿ ಖಾಲಿ ಮಾಡಿ, ಒಳಗಿನಿಂದ ಆ ಜಾಗವನ್ನು ಉಳಿಯಿಂದ ಓರೆಯಾಗಿ ಬಿಡಿಸಿ, ತೊಳೆದು, ಸಿಮೆಂಟ್ ಹಾಲು ಬಳಿದು 1:2ರ ಗಾರೆ ಒತ್ತಿ ಏಳು ದಿನ ನೀರುಣಿಸಿ. ಹೊರಗಿನಿಂದ ಹಚ್ಚಿದ ತೇಪೆ ನಿಲ್ಲುವುದಿಲ್ಲ, ಒಳಗಿನ ಒತ್ತಡ ಅದನ್ನು ದೂಡಿಹಾಕುತ್ತದೆ. ಸೋರಿದ ಜಾಗದಲ್ಲಿ ಗಾರೆ ಒತ್ತಿದವರು ಯಾರೋ ಅವರೇ ಬಿಡಿಸಿ ನೋಡಲಿ. ಹಿಂದಿನ ಟೊಳ್ಳು ಕೈಗೆ ಸಿಕ್ಕಿದಾಗ ಕಲಿಯುವ ಪಾಠ ಗಟ್ಟಿ.

ಪರೀಕ್ಷೆಯ ನೀರು ಕುಡಿಯಲು ಬೇಡ. ಹೊಸ ಸಿಮೆಂಟಿನ ಸುಣ್ಣದ ಅಂಶ ಅದರಲ್ಲಿ ಬಿಟ್ಟಿರುತ್ತದೆ. ಎರಡನೆಯ ತೊಟ್ಟಿಯ ಕ್ಯೂರಿಂಗಿಗೆ, ಗಿಡಗಳಿಗೆ ಬಳಸಿ.

ಮಾಡಿನಿಂದ ತೊಟ್ಟಿಗೆ

ಆರು ಇಂಚಿನ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿದರೆ 40 ಚದರ ಮೀಟರ್ ಮಾಡಿಗೆ ಸಾಕಾಗುವ ದೋಣಿ. ಮೀಟರಿಗೆ 1 ಸೆಂ.ಮೀ. ಇಳಿಜಾರು, ಮೂರು ಅಡಿಗೊಂದು ಕೊಂಡಿ. ಕೊಂಡಿ ಕಡಿಮೆಯಾದರೆ ದೋಣಿ ನಡುವೆ ಜೋತು ಅಲ್ಲೇ ನೀರು ಚೆಲ್ಲುತ್ತದೆ.

ಮಳೆಯ ಮೊದಲ ನೀರಿನಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ. ಕನಿಷ್ಠ ಒಂದು ಮಿ.ಮೀ. ಮಳೆ, ಅಂದರೆ ಈ ಮಾಡಿಗೆ 40 ಲೀಟರ್, ಹೊರಗೆ ಹೋಗಬೇಕು. ಎಷ್ಟೋ ಕಡೆ ಒಂದು ಮೀಟರ್ ಉದ್ದದ ನಾಲ್ಕಿಂಚಿನ ಪೈಪು ನಿಲ್ಲಿಸಿ ಕೆಲಸ ಮುಗಿಸಿರುತ್ತಾರೆ. ಅದು ಹಿಡಿಯುವುದು ಎಂಟೊಂಬತ್ತು ಲೀಟರ್, ಉಳಿದ ಕೊಳೆಯೆಲ್ಲ ತೊಟ್ಟಿಗೆ. 50 ಲೀಟರಿನ ಮುಚ್ಚಳದ ಡ್ರಮ್ಮಿಗೆ ಮೂರು ಬಾಯಿಯ ಪೈಪಿನ ತುಂಡು (ಟೀ) ಜೋಡಿಸಿ. ಡ್ರಮ್ಮು ತುಂಬಿದ ಮೇಲೆ ನೀರು ತಾನೇ ಸೋಸುವ ಪೆಟ್ಟಿಗೆಗೆ ತಿರುಗುತ್ತದೆ. ತಳದಲ್ಲಿ 3 ಮಿ.ಮೀ. ತೂತು ಇಟ್ಟರೆ ಮುಂದಿನ ಮಳೆಗೆ ಡ್ರಮ್ಮು ಖಾಲಿಯಾಗಿರುತ್ತದೆ.

ಸೋಸುವ ಪೆಟ್ಟಿಗೆ 50 ಸೆಂ.ಮೀ. ಚೌಕ, 60 ಸೆಂ.ಮೀ. ಎತ್ತರ. ಕೆಳಗಿನಿಂದ 15 ಸೆಂ.ಮೀ. 20 ಮಿ.ಮೀ. ಜಲ್ಲಿ, 10 ಸೆಂ.ಮೀ. ಸಣ್ಣ ಜಲ್ಲಿ, ನೈಲಾನ್ ಜಾಲರಿ, 20 ಸೆಂ.ಮೀ. ತೊಳೆದ ದಪ್ಪ ಮರಳು, ಮತ್ತೆ ಜಾಲರಿ, ಮೇಲೆ 5 ಸೆಂ.ಮೀ. ಸಣ್ಣ ಜಲ್ಲಿ. ಮರಳು ನುಣುಪಾಗಿದ್ದರೆ ಜೋರು ಮಳೆಯಲ್ಲಿ ನೀರು ಇಳಿಯದೆ ಪೆಟ್ಟಿಗೆಯ ಮೇಲೆ ಹರಿದುಹೋಗುತ್ತದೆ. ತುಂಬಿದ ಪೆಟ್ಟಿಗೆ ಇನ್ನೂರು ಕೆ.ಜಿ. ದಾಟುವುದರಿಂದ ಅದನ್ನು ತೊಟ್ಟಿಯ ಚಾವಣಿಯ ಮೇಲೆ ಕೂರಿಸಬೇಡಿ, ಪಕ್ಕದಲ್ಲಿ ಕಲ್ಲಿನ ಕಂಬ ಕಟ್ಟಿ. ಇದು ಕಸ, ಮಣ್ಣು ತಡೆಯುತ್ತದೆ, ರೋಗಾಣುಗಳನ್ನು ಪೂರ್ತಿ ತಡೆಯುವುದಿಲ್ಲ. ಕುಡಿಯುವ ನೀರನ್ನು ಕುದಿಸಿ, ಇಲ್ಲವೇ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನಷ್ಟೇ ತೊಟ್ಟಿಗೆ ಹಾಕಿ ಒಂದು ಗಂಟೆ ಬಿಡಿ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ.

ಬೇಸಿಗೆಯಲ್ಲಿ ತೊಟ್ಟಿ ಬರಿದಾಗಿದೆಯೆಂದು ಕೊಳವೆಬಾವಿಯ ನೀರು ತುಂಬಿಸಿಕೊಳ್ಳುವ ಮನೆಗಳಿವೆ. ಹಾಗೆ ಮಾಡಿದರೆ ಇಷ್ಟೆಲ್ಲ ಮಾಡಿ ತಪ್ಪಿಸಿದ ಫ್ಲೋರೈಡ್ ಮತ್ತೆ ಅದೇ ನಲ್ಲಿಯಿಂದ ಕೊಡಕ್ಕೆ ಬರುತ್ತದೆ. ಬೇಕಿದ್ದರೆ ಬೇರೆ ಡ್ರಮ್ಮಿನಲ್ಲಿಡಲಿ.

ಮುಂಗಾರಿಗೆ ಮುನ್ನ, ಮೇ ಮೊದಲ ವಾರದಲ್ಲಿ, ಕಲಿತ ತಂಡವೇ ಎರಡೂ ತೊಟ್ಟಿಗಳ ಬಳಿ ಮತ್ತೆ ಸೇರಲಿ. ತಳ ಉಜ್ಜಿ ತೊಳೆ ನೀರಿನ ಪೈಪು ಬಿಚ್ಚುವುದು, ಪೆಟ್ಟಿಗೆಯ ಮರಳು ತೆಗೆದು ತೊಳೆಯುವುದು, ಹರಿದ ಸೊಳ್ಳೆ ಜಾಲರಿ ಬದಲಿಸುವುದು, ದೋಣಿಯ ಕೊಂಡಿ ಬಿಗಿಯುವುದು ಒಂದು ದಿನದ ಕೆಲಸ. ಅದೇ ದಿನ ಮೂರನೆಯ ತೊಟ್ಟಿ ಯಾವ ಮನೆಗೆ, ಸಾಮಾನಿನ ದರ ಎಷ್ಟು, ಗುತ್ತಿಗೆಗೆ ಎಷ್ಟು ಕೇಳಬೇಕು ಎಂದು ತಂಡದವರೇ ಕೂತು ಪಟ್ಟಿ ಬರೆಯಲಿ. ಕಂಬಿ ಬಗ್ಗಿಸುವ ಗೂಟ, ಜರಡಿ, ಅಳತೆಯ ಡಬ್ಬ, ರಸಮಟ್ಟ ಅವರ ಹತ್ತಿರವೇ ಇರಲಿ.